ಮೇಡ್ಚಲ್ ರಸ್ತೆಯ ಹೆಂಗಸರು ಮತ್ತು ಒಂದು ಪರೀಕ್ಷೆಯ ಚರಿತ್ರೆ

ಸುಚಿತ್ರಾ ಸರ್ಕಲ್ ದಾಟಿ, ಕೊಂಪಲ್ಲಿಯ ಮೇಲೆ ಮೇಡ್ಚಲ್ ಕಡೆಗೆ ಹೋಗುವ ರಸ್ತೆ ಜೀಡಿಮೆಟ್ಲಾದಲ್ಲಿರುವ ನಮಗೆಲ್ಲ ಚೆನ್ನಾಗಿ ಗೊತ್ತು. ಮದುವೆ ಹಾಲ್‌ಗಳಿಗೆ, ಧಾಬಾಗಳಿಗೆ ಎಷ್ಟು ಸಲ ಹೋಗಿಲ್ಲ! ಆದರೆ ಆ ಕಡೆಯ ಹಳ್ಳಿಗಳ ಹೆಣ್ಣುಮಕ್ಕಳಿಗೆ ಲೋಕದ ವೈದ್ಯಚರಿತ್ರೆಯಲ್ಲಿ ಒಂದು ಜಾಗ ಇದೆ ಎಂಬುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಗರ್ಭಕಂಠದ ಕ್ಯಾನ್ಸರನ್ನು ಯಾವ ಪರೀಕ್ಷೆಯಿಂದ ಮೊದಲೇ ಹಿಡಿಯಬಹುದು, ಅದರ ಲಸಿಕೆ ಎಷ್ಟು ಡೋಸ್ ಸಾಕು ಎಂಬ ಪ್ರಶ್ನೆಗಳಿಗೆ ಇಂದು ಜಗತ್ತು ಕೊಡುವ ಉತ್ತರದಲ್ಲಿ ಅವರ ಪಾಲೂ ಇದೆ.

ನಾವು ನಾಲ್ಕು ಜನ ಸೇರಿದರೆ ಬಿಪಿ, ಶುಗರ್, ಥೈರಾಯ್ಡ್ ಬಗ್ಗೆ ಸಂಕೋಚವಿಲ್ಲದೆ ಮಾತಾಡುತ್ತೇವೆ. ‘ಪ್ಯಾಪ್ ಟೆಸ್ಟ್ ಮಾಡಿಸಿದಿರಾ?’ ಎಂದು ಕೇಳಿದರೆ ಮಾತ್ರ ಮಾತು ನಿಲ್ಲುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ಇಬ್ಬರೂ ಇಲ್ಲ. 2022ರ ಅಂತರರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷದಲ್ಲಿ ಸುಮಾರು 1.27 ಲಕ್ಷ ಹೆಂಗಸರಿಗೆ ಈ ಕಾಯಿಲೆ ಬಂತು. ಸುಮಾರು 80 ಸಾವಿರ ಜನ ತೀರಿಕೊಂಡರು. ಮೊದಲೇ ಕಂಡುಹಿಡಿದು ತಪ್ಪಿಸಬಹುದಾದ ಕಾಯಿಲೆಯಲ್ಲಿ ಇಷ್ಟು ಜೀವ ಹೋಗುತ್ತಿರುವುದಕ್ಕೆ ಕಾರಣವೇನು? ಅದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹೆಂಡತಿಯ ನೆರವಿನಿಂದ ಹುಟ್ಟಿದ ಪರೀಕ್ಷೆ

ಗರ್ಭಕೋಶದ ಬಾಯಿಗೆ ಗರ್ಭಕಂಠ ಅಥವಾ ಗರ್ಭಕೊರಳು ಎನ್ನುತ್ತೇವೆ. ಅಲ್ಲಿ ಕ್ಯಾನ್ಸರ್ ಒಂದು ದಿನದಲ್ಲಿ ಹುಟ್ಟುವುದಿಲ್ಲ. ಮೊದಲು ಮೇಲ್ಪದರದ ಜೀವಕೋಶಗಳು ರೂಪ ಬದಲಿಸುತ್ತವೆ. ಆ ಬದಲಾವಣೆ ಕ್ಯಾನ್ಸರ್ ಆಗಿ ಬೆಳೆಯಲು ಸಾಮಾನ್ಯವಾಗಿ ಹತ್ತಾರು ವರ್ಷ ಹಿಡಿಯುತ್ತದೆ. ತಪಾಸಣೆಯ ಚರಿತ್ರೆಯೆಲ್ಲ ಈ ದೀರ್ಘ ಅವಧಿಯನ್ನು ಬಳಸಿಕೊಳ್ಳುವ ಪ್ರಯತ್ನದ ಚರಿತ್ರೆ.

ಈ ಕಾಯಿಲೆಗೂ ದಾಂಪತ್ಯಕ್ಕೂ ಏನೋ ಸಂಬಂಧವಿದೆ ಎಂದು ಇಟಲಿಯ ರಿಗೋನಿ ಸ್ಟೆರ್ನ್ ಎಂಬ ವೈದ್ಯ 1842ರಲ್ಲೇ ಬರೆದಿದ್ದ. ವೆರೋನಾ ನಗರದ ಮರಣದ ದಾಖಲೆ ನೋಡಿದಾಗ ಸನ್ಯಾಸಿನಿಯರಲ್ಲಿ ಇದು ಅಪರೂಪ ಎಂದು ಅವನಿಗೆ ಕಂಡಿತ್ತು. ನಿಜವಾದ ಕಾರಣ ಸಿಗಲು ಇನ್ನೂ ನೂರನಲವತ್ತು ವರ್ಷ ಬೇಕಾಯಿತು.

ಅಷ್ಟರಲ್ಲಿ ಪರೀಕ್ಷೆ ಬಂತು. ಗ್ರೀಸಿನಲ್ಲಿ 1883ರಲ್ಲಿ ಹುಟ್ಟಿ, 1913ರಲ್ಲಿ ನ್ಯೂಯಾರ್ಕಿಗೆ ಹೋದ ಜಾರ್ಜ್ ಪಾಪನಿಕೊಲಾವ್ ಯೋನಿಸ್ರಾವದ ಜೀವಕೋಶಗಳನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನ ರೂಪಿಸಿದರು. ಅವರ ಪತ್ನಿ ಆಂಡ್ರೊಮಾಖಿ ಅದೇ ಪ್ರಯೋಗಾಲಯದಲ್ಲಿ ದುಡಿದರು. ಸುಮಾರು ಇಪ್ಪತ್ತು ವರ್ಷ ಗಂಡನ ಅಧ್ಯಯನಕ್ಕೆ ತಮ್ಮದೇ ಮಾದರಿಯನ್ನೂ ಕೊಟ್ಟರು. ರುಮೇನಿಯಾದಲ್ಲಿ ಆರೆಲ್ ಬಾಬೆಶ್ ಎಂಬ ವೈದ್ಯರೂ 1920ರ ದಶಕದಲ್ಲೇ ಇಂಥದ್ದೇ ಕೆಲಸ ಮಾಡಿದ್ದರು. 1928ರಲ್ಲಿ ಪಾಪನಿಕೊಲಾವ್ ಇದನ್ನು ಹೇಳಿದಾಗ ವೈದ್ಯರು ಅಷ್ಟಾಗಿ ಗಮನಿಸಲಿಲ್ಲ. 1943ರಲ್ಲಿ ಹರ್ಬರ್ಟ್ ಟ್ರಾಟ್ ಜೊತೆ ಪುಸ್ತಕ ಬಂದ ಮೇಲೆ ಪರೀಕ್ಷೆ ಹಬ್ಬಿತು. ‘ಪ್ಯಾಪ್’ ಎನ್ನುವುದು ಅವರ ಹೆಸರಿನ ಮೊದಲ ತುಣುಕು.

ಇದೇ ಕಾಯಿಲೆಗೆ ಚಿಕಿತ್ಸೆಗೆ ಬಂದ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಗಡ್ಡೆಯ ಚೂರನ್ನು 1951ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಅವರನ್ನು ಕೇಳದೆಯೇ ಸಂಶೋಧನೆಗೆ ತೆಗೆದುಕೊಂಡರು. ಅದೇ ವರ್ಷ, 31ರ ವಯಸ್ಸಿಗೆ ಅವರು ತೀರಿಕೊಂಡರು. ಆ ಜೀವಕೋಶಗಳು ಇಂದಿಗೂ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಅವರ ಕುಟುಂಬಕ್ಕೆ ಎಷ್ಟೋ ವರ್ಷ ಈ ವಿಷಯವೇ ಗೊತ್ತಿರಲಿಲ್ಲ. ಹೆಂಗಸರಿಂದ ಪಡೆದು ಅವರಿಗೆ ತಿಳಿಸದೆ ಇರುವುದು ಈ ಕಾಯಿಲೆಯ ಚರಿತ್ರೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ನಮ್ಮ ದೇಶದಲ್ಲೂ ಬಂತು.

ರೇಡಿಯಂ ಆಸ್ಪತ್ರೆಗಳ ಕಾಲ

ದಕ್ಷಿಣ ಭಾರತದಲ್ಲಿ ಕ್ಯಾನ್ಸರ್ ಆಸ್ಪತ್ರೆಯ ಕನಸು ಕಂಡವರಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಹೆಸರು ಮೊದಲು ಬರಬೇಕು. ತಂಗಿಯನ್ನು ಕ್ಯಾನ್ಸರ್‌ನಿಂದ ಕಳೆದುಕೊಂಡ ನೋವಿನಿಂದ ಹುಟ್ಟಿದ ಅವರ ಸಂಕಲ್ಪ 1954ರಲ್ಲಿ ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಸಂಸ್ಥೆಯಾಗಿ ಕೈಗೂಡಿತು. ಮರುವರ್ಷ ಅಲ್ಲಿಗೆ ಸೇರಿದ ಡಾ. ವಿ. ಶಾಂತಾ 2021ರಲ್ಲಿ ತೀರಿಕೊಳ್ಳುವವರೆಗೂ ಆ ಆಸ್ಪತ್ರೆಯನ್ನೇ ಮನೆ ಮಾಡಿಕೊಂಡಿದ್ದರು. ಮುಂಬೈಯಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರಲ್ಲೇ ಶುರುವಾಗಿತ್ತು.

ನಮ್ಮ ಊರಿನ ರೆಡ್ ಹಿಲ್ಸ್‌ನಲ್ಲಿರುವ ಎಂಎನ್‌ಜೆ ಆಸ್ಪತ್ರೆ 1955ರದ್ದು. ಹೈದರಾಬಾದ್ ರಾಜ್ಯದ ಸಚಿವರಾಗಿದ್ದು, ಮುಂದೆ ಗುಜರಾತಿನ ಮೊದಲ ರಾಜ್ಯಪಾಲರಾದ ಮೆಹದಿ ನವಾಜ್ ಜಂಗ್ ಅವರ ಹೆಸರು ಅದಕ್ಕಿದೆ. ಕನ್ನಡಿಗರಾದ ನಾವು ಒಂದು ವಿಷಯ ನೆನಪಿಡಬೇಕು. 1955ರಲ್ಲಿ ಬೀದರ್, ಕಲಬುರಗಿ, ರಾಯಚೂರು ಇನ್ನೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅಂದರೆ ಈ ಆಸ್ಪತ್ರೆ ಹುಟ್ಟಿದಾಗ ಆ ಜಿಲ್ಲೆಗಳ ಅಜ್ಜಿ, ಮುತ್ತಜ್ಜಿಯರಿಗೆ ಅದು ಸ್ವಂತ ರಾಜಧಾನಿಯ ಆಸ್ಪತ್ರೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಬಂದದ್ದು 1973ರಲ್ಲಿ.

ಆಗ ಚಿಕಿತ್ಸೆಯ ಮುಖ್ಯ ಸಾಧನ ಕ್ಯೂರಿ ದಂಪತಿಗಳು 1898ರಲ್ಲಿ ಕಂಡುಹಿಡಿದ ರೇಡಿಯಂ. ಅದನ್ನು ಗರ್ಭಕಂಠದ ಹತ್ತಿರವೇ ಇಟ್ಟು ಗಡ್ಡೆಯನ್ನು ಕರಗಿಸುತ್ತಿದ್ದರು. ಜನರ ಬಾಯಲ್ಲಿ ಅದು ‘ಕರೆಂಟ್ ಕೊಡುವುದು’ ಆಯಿತು. ಈಗ ರೇಡಿಯಂ ಬದಲು ಬೇರೆ ವಿಕಿರಣ ಮೂಲಗಳಿವೆ, ಆದರೂ ಹತ್ತಿರದಿಂದ ವಿಕಿರಣ ಕೊಡುವ ಕ್ರಮ ಮುಂದುವರಿದಿದೆ. ಹೊರಗಿನಿಂದ ಕೆಲವು ವಾರ ವಿಕಿರಣ, ಜೊತೆಗೆ ಸಿಸ್‌ಪ್ಲಾಟಿನ್ ಔಷಧ, ಆಮೇಲೆ ಒಳಗಿನಿಂದ ವಿಕಿರಣ. ಔಷಧವನ್ನೂ ಸೇರಿಸಿದರೆ ಹೆಚ್ಚು ಜನ ಬದುಕುತ್ತಾರೆ ಎಂಬುದು 1999ರಲ್ಲಿ ಖಚಿತವಾಯಿತು. ಗಡ್ಡೆ ಚಿಕ್ಕದಿದ್ದು ಗರ್ಭಕಂಠದಲ್ಲೇ ಇದ್ದರೆ ಶಸ್ತ್ರಚಿಕಿತ್ಸೆ ಸಾಕಾಗಬಹುದು.

ಆಸ್ಪತ್ರೆಗಳೇನೋ ಬಂದವು. ಬರುವ ಹೆಂಗಸರಲ್ಲಿ ಬಹುಪಾಲು ಕಾಯಿಲೆ ಬಲಿತ ಮೇಲೆಯೇ ಬರುತ್ತಿದ್ದರು. ಪ್ಯಾಪ್ ಪರೀಕ್ಷೆಗೆ ಪ್ರಯೋಗಾಲಯ ಬೇಕು, ಗಾಜಿನ ಚೂರು ನೋಡಿ ಹೇಳಬಲ್ಲ ತಜ್ಞರು ಬೇಕು, ಫಲಿತಾಂಶಕ್ಕೆ ಮತ್ತೆ ಬರುವಷ್ಟು ಬಸ್ ಚಾರ್ಜು, ಬಿಡುವು ಬೇಕು. ಕೂಲಿ ಬಿಟ್ಟು ಎರಡು ಸಲ ಯಾರು ಬರುತ್ತಾರೆ? ಶ್ರೀಮಂತ ದೇಶಗಳಲ್ಲಿ ಸಾವನ್ನು ಇಳಿಸಿದ ಪರೀಕ್ಷೆ ನಮ್ಮ ಹಳ್ಳಿಗಳವರೆಗೆ ಬರಲಿಲ್ಲ.

ನಿಜಾಮನ ಹಳೆಯ ಜಿಲ್ಲೆಯಲ್ಲಿ

ಇದಕ್ಕೆ ಪರಿಹಾರ ಹುಡುಕಿದ ದೊಡ್ಡ ಅಧ್ಯಯನವೊಂದು ನಡೆದದ್ದು ಉಸ್ಮಾನಾಬಾದಿನಲ್ಲಿ. ಮಹಾರಾಷ್ಟ್ರದ ಈ ಜಿಲ್ಲೆಗೆ ಈಗ ಧಾರಾಶಿವ ಎಂದು ಹೆಸರು. ಇದು ಹಳೆಯ ಹೈದರಾಬಾದ್ ಸಂಸ್ಥಾನದ್ದೇ ಜಿಲ್ಲೆ, ನಮ್ಮ ಬೀದರ್, ಕಲಬುರಗಿಗಳ ನೆರೆ.

ಕಾರಣ ಆಗಲೇ ತಿಳಿದಿತ್ತು. ಜರ್ಮನಿಯ ಹರಾಲ್ಡ್ ತ್ಸುರ್ ಹೌಸನ್ 1983–84ರಲ್ಲಿ ಎಚ್‌ಪಿವಿ ಎಂಬ ವೈರಸ್ಸಿನ 16 ಮತ್ತು 18ನೆಯ ತಳಿಗಳನ್ನು ಈ ಗಡ್ಡೆಗಳಲ್ಲಿ ಕಂಡಿದ್ದರು. ಅವರಿಗೆ 2008ರಲ್ಲಿ ನೊಬೆಲ್ ಬಂತು. ಹಾಗಾದರೆ ಜೀವಕೋಶದ ಬದಲು ವೈರಸ್ಸನ್ನೇ ಹುಡುಕಿದರೆ ಹೇಗೆ? ವಿನೆಗರ್‌ನಂಥ ತೆಳು ಅಸಿಟಿಕ್ ಆಮ್ಲ ಸವರಿ, ಬಿಳಿಚಿಕೊಂಡ ಜಾಗವನ್ನು ಬರಿಗಣ್ಣಿನಿಂದ ನೋಡಿದರೆ ಹೇಗೆ? ಈ ಎರಡನೆಯ ವಿಧಾನಕ್ಕೆ ವಿಐಎ ಎನ್ನುತ್ತಾರೆ.

1999ರಲ್ಲಿ ಡಾ. ಆರ್. ಶಂಕರನಾರಾಯಣನ್ ಮತ್ತು ಸಂಗಡಿಗರು ಬಾರ್ಶಿಯ ನರ್ಗಿಸ್ ದತ್ ಕ್ಯಾನ್ಸರ್ ಆಸ್ಪತ್ರೆಯ ಮೂಲಕ ಕೆಲಸ ಆರಂಭಿಸಿದರು. 497 ಹಳ್ಳಿಗಳು, 30ರಿಂದ 59 ವಯಸ್ಸಿನ 1,31,746 ಹೆಂಗಸರು, ನಾಲ್ಕು ಗುಂಪು: ಎಚ್‌ಪಿವಿ, ಪ್ಯಾಪ್, ವಿಐಎ, ಮತ್ತು ಪರೀಕ್ಷೆ ಇಲ್ಲದ ಗುಂಪು. 2009ರಲ್ಲಿ ಫಲಿತಾಂಶ ಬಂತು. ಜೀವನದಲ್ಲಿ ಒಂದೇ ಸಲ ಎಚ್‌ಪಿವಿ ಪರೀಕ್ಷೆಗೆ ಕರೆದ ಗುಂಪಿನಲ್ಲಿ ಈ ಕ್ಯಾನ್ಸರ್‌ನಿಂದ ಸತ್ತವರು 34. ಪರೀಕ್ಷೆ ಇಲ್ಲದ ಗುಂಪಿನಲ್ಲಿ 64. ಗುಂಪುಗಳು ಹೆಚ್ಚು ಕಡಿಮೆ ಒಂದೇ ಗಾತ್ರದವು. ಒಂದು ಪರೀಕ್ಷೆ ಸಾವನ್ನು ಅರ್ಧದಷ್ಟು ಇಳಿಸಿತ್ತು.

ಮುಂಬೈಯ ಕೊಳೆಗೇರಿಗಳಲ್ಲಿ ಟಾಟಾ ಮೆಮೋರಿಯಲ್‌ನವರು ಸ್ಥಳೀಯ ಹೆಣ್ಣುಮಕ್ಕಳಿಗೇ ವಿಐಎ ಕಲಿಸಿದರು. ಒಂದೂವರೆ ಲಕ್ಷ ಹೆಂಗಸರ ಆ ಅಧ್ಯಯನದಲ್ಲಿ ಸಾವು ನೂರಕ್ಕೆ 31ರಷ್ಟು ಇಳಿಯಿತೆಂದು 2013ರಲ್ಲಿ ತಿಳಿದುಬಂತು. ಡಾಕ್ಟರ್ ಆಗದವರೂ ಜೀವ ಉಳಿಸಬಲ್ಲರು ಎಂಬ ಈ ಮಾತು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಆದರೆ ಆ 64 ಜನ? ಅವರ ಗುಂಪಿಗೆ ಪರೀಕ್ಷೆ ಎಲ್ಲಿ ಸಿಗುತ್ತದೆ ಎಂದು ಹೇಳಿದ್ದರೇ ಹೊರತು ಪರೀಕ್ಷೆ ಮಾಡಿರಲಿಲ್ಲ. ಇದು ಸರಿಯೇ ಎಂಬ ವಾದ ಇಂದಿಗೂ ಮುಗಿದಿಲ್ಲ. ಇದಕ್ಕಿಂತ ಕಹಿಯಾದದ್ದು ದೆಹಲಿಯದು. 1970, 80ರ ದಶಕಗಳಲ್ಲಿ ಸರ್ಕಾರಿ ಸಂಶೋಧನೆಯೊಂದರಲ್ಲಿ ಕ್ಯಾನ್ಸರ್‌ಪೂರ್ವ ಬದಲಾವಣೆ ಇದ್ದ ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಚಿಕಿತ್ಸೆ ಕೊಡದೆ ವರ್ಷಗಟ್ಟಲೆ ಗಮನಿಸುತ್ತಾ ಹೋದರು. ಕೆಲವರಿಗೆ ಕ್ಯಾನ್ಸರ್ ಬಂದೇ ಬಂತು. ಅವರಿಂದ ಲಿಖಿತ ಒಪ್ಪಿಗೆ ಪಡೆದಿರಲಿಲ್ಲ ಎಂಬುದು 1997ರಲ್ಲಿ ಹೊರಬಂತು.

ಮೇಡ್ಚಲ್ ಮತ್ತು ಖಮ್ಮಂ

ಈಗ ನಮ್ಮ ರಸ್ತೆಗೆ ಬರೋಣ. ಮೇಡ್ಚಲ್ ಮಂಡಲದ ಘನ್‌ಪುರದಲ್ಲಿ ಮೆಡಿಸಿಟಿ ವೈದ್ಯಕೀಯ ಸಂಸ್ಥೆ ಇದೆ. ಅಲ್ಲಿನ ಸಂಶೋಧಕರು ಸುತ್ತಲ ಹಳ್ಳಿಗಳ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರಿಗೆ ವಿಐಎ, ಪ್ಯಾಪ್, ಎಚ್‌ಪಿವಿ ಮೂರನ್ನೂ ಮಾಡಿ ಹೋಲಿಸಿದರು. 2010ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ, ಬರಿಗಣ್ಣಿನ ವಿಐಎ ಇಲ್ಲಿ ಬಹಳಷ್ಟು ಪ್ರಕರಣಗಳನ್ನು ಬಿಟ್ಟಿತ್ತು; ಎಚ್‌ಪಿವಿ ಪರೀಕ್ಷೆ ಹೆಚ್ಚು ಹಿಡಿದಿತ್ತು. ಈಗ ವಿಶ್ವ ಆರೋಗ್ಯ ಸಂಸ್ಥೆ ಎಚ್‌ಪಿವಿ ಪರೀಕ್ಷೆಯನ್ನೇ ಮೊದಲ ಆಯ್ಕೆಯಾಗಿ ಹೇಳುವುದರ ಹಿಂದೆ ಇಂಥ ಹಲವು ಊರುಗಳ ಅನುಭವ ಇದೆ.

ಅಷ್ಟರಲ್ಲಿ ಲಸಿಕೆಯೂ ಬಂದಿತ್ತು. 2009ರ ಜುಲೈಯಲ್ಲಿ, ಆಗಿನ ಆಂಧ್ರಪ್ರದೇಶದ, ಈಗ ನಮ್ಮ ತೆಲಂಗಾಣದ ಖಮ್ಮಂ ಜಿಲ್ಲೆಯಲ್ಲಿ ಅಮೆರಿಕದ ಪಾತ್ ಎಂಬ ಸಂಸ್ಥೆ ಸರ್ಕಾರದ ಜೊತೆಗೂಡಿ 10ರಿಂದ 14 ವಯಸ್ಸಿನ ಸಾವಿರಾರು ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಹಾಕಿಸಿತು. ಅವರಲ್ಲಿ ಬಹಳಷ್ಟು ಮಂದಿ ಬುಡಕಟ್ಟು ಮಕ್ಕಳು, ಹಾಸ್ಟೆಲಿನಲ್ಲಿ ಓದುವವರು. ಕೆಲವು ಹುಡುಗಿಯರು ಸತ್ತ ಸುದ್ದಿ ಬಂದು ಗದ್ದಲವೆದ್ದಿತು. 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು. ಆ ಸಾವುಗಳಿಗೆ ಲಸಿಕೆ ಕಾರಣವೆಂದು ಸರ್ಕಾರಿ ತನಿಖೆಗೆ ಕಂಡುಬರಲಿಲ್ಲ. ಆದರೆ ಒಪ್ಪಿಗೆ ಪಡೆದ ರೀತಿ ಬಯಲಾಯಿತು. ಪರಿಶೀಲಿಸಿದ 9,543 ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ಸಹಿ ಹಾಕಿದವರು ಹಾಸ್ಟೆಲ್ ವಾರ್ಡನ್‌ಗಳು. 1,948ರಲ್ಲಿ ಹೆಬ್ಬೆಟ್ಟಿನ ಗುರುತು. ಎಷ್ಟೋ ಅಪ್ಪ ಅಮ್ಮಂದಿರಿಗೆ ಮಗಳಿಗೆ ಏನು ಚುಚ್ಚುತ್ತಿದ್ದಾರೆ ಎಂದೇ ಹೇಳಿರಲಿಲ್ಲ. 2013ರಲ್ಲಿ ಸಂಸದೀಯ ಸಮಿತಿ ಇದನ್ನು ಕಟುವಾಗಿ ಟೀಕಿಸಿತು.

ಇದರ ಹೊಡೆತ ಬೇರೊಂದು ಅಧ್ಯಯನದ ಮೇಲೂ ಬಿತ್ತು. ಎರಡು ಡೋಸ್ ಸಾಕೇ, ಮೂರು ಬೇಕೇ ಎಂದು ನೋಡಲು 2009ರಲ್ಲಿ ದೇಶದ ಹಲವು ಕಡೆ ಒಂದು ಪ್ರಯೋಗ ಆರಂಭವಾಗಿತ್ತು. ಬಾರ್ಶಿಯೂ ನಮ್ಮ ಘನ್‌ಪುರದ ಮೆಡಿಸಿಟಿಯೂ ಅದರ ಕೇಂದ್ರಗಳು. ಸರ್ಕಾರ ಲಸಿಕೆ ಪ್ರಯೋಗಗಳನ್ನೆಲ್ಲ ನಿಲ್ಲಿಸಿದಾಗ, ಲಸಿಕೆ ಪಡೆದಿದ್ದ 17,729 ಹುಡುಗಿಯರಲ್ಲಿ 4,950 ಜನಕ್ಕೆ ಒಂದೇ ಡೋಸ್ ಸಿಕ್ಕಿತ್ತು. ಸಂಶೋಧಕರು ಅವರನ್ನು ಬಿಡದೆ ಹಿಂಬಾಲಿಸಿದರು. ಹತ್ತು ವರ್ಷದ ನಂತರ, 2021ರಲ್ಲಿ, ಒಂದೇ ಡೋಸ್ ಕೂಡ ಮೂರು ಡೋಸಿನಷ್ಟೇ ಚೆನ್ನಾಗಿ ವೈರಸ್ಸನ್ನು ತಡೆದಿದೆ ಎಂದು ಗೊತ್ತಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, 9ರಿಂದ 20 ವಯಸ್ಸಿನವರಿಗೆ ಒಂದು ಡೋಸ್ ಕೂಡ ಸಾಕಾಗಬಹುದು ಎಂದಿತು. ಬಡ ದೇಶಗಳಿಗೆ ಇದರಿಂದ ಖರ್ಚು ಎಷ್ಟು ಇಳಿಯುತ್ತದೆ ಎಂದು ಯೋಚಿಸಿ. ಅಂದು ಲಸಿಕೆ ಪಡೆದ ಮೇಡ್ಚಲ್ ಕಡೆಯ ಹುಡುಗಿಯರು ಈಗ ಇಪ್ಪತ್ತೈದು, ಮೂವತ್ತರ ಹೆಂಗಸರು. ಕೊಂಪಲ್ಲಿಯ ಅಂಗಡಿಯಲ್ಲಿ ನಮ್ಮ ಪಕ್ಕದಲ್ಲೇ ನಿಂತಿರಬಹುದು.

ಹೆದರಿಕೆಯೇ ಮಾಹಿತಿಯಾದಾಗ

ಸರಿಯಾದ ಮಾತು ಬಾರದ ಕಡೆ ಹೆದರಿಕೆ ಬರುತ್ತದೆ. ‘ಬಿಳಿ ಹೋಗುತ್ತಿದೆಯಾ? ಗರ್ಭಕೋಶ ತೆಗೆಸಿಬಿಡಿ, ಇಲ್ಲದಿದ್ದರೆ ಕ್ಯಾನ್ಸರ್ ಆಗುತ್ತೆ’ ಎಂಬ ಮಾತು ನಮ್ಮ ಊರುಗಳಲ್ಲಿ ಕೇಳದವರಾರು? 2015–16ರ ಸಮೀಕ್ಷೆಯಲ್ಲಿ ದೇಶದಲ್ಲೇ ಅತಿ ಹೆಚ್ಚು ಗರ್ಭಕೋಶ ತೆಗೆಸಿಕೊಂಡವರು ಆಂಧ್ರ ಮತ್ತು ತೆಲಂಗಾಣದವರು. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಂಗಸರು ಇಂಥ ಅನಗತ್ಯ ಆಪರೇಷನ್‌ಗಳ ವಿರುದ್ಧ ಬೀದಿಗಿಳಿದದ್ದು ಪತ್ರಿಕೆಗಳಲ್ಲಿ ಬಂದಿತ್ತು. 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದರ ಬಗ್ಗೆ ರಾಜ್ಯಗಳಿಗೆ ನಿರ್ದೇಶನ ಕೊಟ್ಟಿತು. ಬಿಳಿ ಹೋಗುವುದಕ್ಕೆ ಹೆಚ್ಚಿನ ಸಲ ಸಾಮಾನ್ಯ ಸೋಂಕು ಕಾರಣ, ಔಷಧದಿಂದ ವಾಸಿಯಾಗುತ್ತದೆ. ಅನುಮಾನವಿದ್ದರೆ ಪರೀಕ್ಷೆ ಇದೆ.

ಕನ್ನಡದಲ್ಲಿ ಈ ಮೌನವನ್ನು ಮುರಿದವರು ಡಾ. ಅನುಪಮಾ ನಿರಂಜನ. ಕಾದಂಬರಿಕಾರ್ತಿಯೂ ವೈದ್ಯೆಯೂ ಆಗಿದ್ದ ಅವರು ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’, ‘ಕೇಳು ಕಿಶೋರಿ’ ಮುಂತಾದ ಪುಸ್ತಕಗಳಲ್ಲಿ ಹೆಣ್ಣಿನ ದೇಹದ ಬಗ್ಗೆ ಮನೆಯ ಅಕ್ಕನಂತೆ ಬಿಡಿಸಿ ಹೇಳಿದರು. ಎಷ್ಟೋ ಮನೆಗಳಲ್ಲಿ ಮದುವೆಯ ಉಡುಗೊರೆಯಾಗಿ ಬಂದು ಬೀರುವಿನಲ್ಲಿ ಸೀರೆಯ ಕೆಳಗೆ ಕೂತ ಪುಸ್ತಕಗಳವು. ಅವರೂ ಕ್ಯಾನ್ಸರ್‌ನಿಂದಲೇ 1991ರಲ್ಲಿ ತೀರಿಕೊಂಡರು. ವಾಟ್ಸಾಪ್ ಕಾಲದಲ್ಲಿ ಮಾಹಿತಿಗೆ ಬರವಿಲ್ಲ. ಅನುಪಮಾ ಅವರ ಪುಸ್ತಕದಂತೆ ನಂಬಿ ಓದಬಹುದಾದದ್ದು ಮಾತ್ರ ಕಡಿಮೆ.

ಇಂದು ನಾವು ತಿಳಿದಿರಬೇಕಾದದ್ದು

ಚರಿತ್ರೆ ಇಷ್ಟು ಹೇಳಿದ ಮೇಲೆ ನಮ್ಮ ಕೆಲಸದ ನಾಲ್ಕು ಮಾತನ್ನೂ ಹೇಳಿಬಿಡುತ್ತೇನೆ.

ಪರೀಕ್ಷೆ ಯಾರಿಗೆ? 30 ತುಂಬಿದ, ಏನೂ ತೊಂದರೆ ಇಲ್ಲದ ಹೆಂಗಸರಿಗೆ. ನಮ್ಮ ಸರ್ಕಾರದ 2016ರ ಮಾರ್ಗಸೂಚಿ 30ರಿಂದ 65ರವರೆಗೆ ಐದು ವರ್ಷಕ್ಕೊಮ್ಮೆ ವಿಐಎ ಎನ್ನುತ್ತದೆ. ಎಚ್‌ಪಿವಿ ಪರೀಕ್ಷೆಯಾದರೆ ಐದರಿಂದ ಹತ್ತು ವರ್ಷಕ್ಕೊಮ್ಮೆ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇದಕ್ಕೆ ಮಾದರಿಯನ್ನು ನಾವೇ ತೆಗೆದುಕೊಡುವ ಸೌಲಭ್ಯವೂ ಕೆಲವು ಕಡೆ ಇದೆ. ಸಂಕೋಚ ಇರುವವರು ಕೇಳಿ ನೋಡಿ. ಲಸಿಕೆ ಹಾಕಿಸಿಕೊಂಡವರಿಗೂ ಮುಂದೆ ಪರೀಕ್ಷೆ ಬೇಕು.

ಎಚ್‌ಪಿವಿ ಪಾಸಿಟಿವ್ ಬಂದರೆ ಕ್ಯಾನ್ಸರ್ ಬಂದಿದೆ ಎಂದಲ್ಲ. ಇದು ಬಹಳ ಸಾಮಾನ್ಯ ವೈರಸ್. ಬಹಳಷ್ಟು ಜನರಲ್ಲಿ ಒಂದೆರಡು ವರ್ಷದಲ್ಲಿ ತಾನೇ ಹೋಗುತ್ತದೆ. ಯಾರ ನಡತೆಯ ಮೇಲೂ ಅದು ತೀರ್ಪಲ್ಲ. ಮುಂದಿನ ಪರೀಕ್ಷೆಗೆ ತಪ್ಪದೆ ಹೋಗಬೇಕು, ಅಷ್ಟೆ. ಕ್ಯಾನ್ಸರ್‌ಪೂರ್ವ ಬದಲಾವಣೆ ಕಂಡರೆ ಆ ಜಾಗವನ್ನು ಶಾಖದಿಂದಲೋ ಶೀತದಿಂದಲೋ ನಾಶಮಾಡುತ್ತಾರೆ, ಇಲ್ಲವೇ ಸಣ್ಣದಾಗಿ ಕತ್ತರಿಸಿ ತೆಗೆಯುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು.

ಮುಟ್ಟು ನಿಂತ ಮೇಲೆ ರಕ್ತ, ಗಂಡನ ಜೊತೆ ಸೇರಿದ ಮೇಲೆ ರಕ್ತ, ನಡುನಡುವೆ ರಕ್ತ, ದುರ್ವಾಸನೆಯ ಸ್ರಾವ ಇದ್ದರೆ ಮಾತ್ರ ಶಿಬಿರಕ್ಕಾಗಿ ಕಾಯಬೇಡಿ. ನೇರವಾಗಿ ಸ್ತ್ರೀರೋಗ ತಜ್ಞರ ಬಳಿ ಹೋಗಿ. ‘ಈ ವಯಸ್ಸಿನಲ್ಲಿ ಮತ್ತೆ ಮುಟ್ಟು ಬಂತೇನೋ’ ಎಂದು ಅತ್ತೆಯವರು, ಅಮ್ಮ ಸುಮ್ಮನಿದ್ದುಬಿಡುತ್ತಾರೆ. ಅವರನ್ನು ನಾವೇ ಕೇಳಬೇಕು.

ಎಲ್ಲಿಗೆ ಹೋಗುವುದು? ಮೊದಲ ಮಾತಿಗೆ ಬಸ್ತಿ ದವಾಖಾನೆ ಅಥವಾ ಹತ್ತಿರದ ಸರ್ಕಾರಿ ಆಸ್ಪತ್ರೆ. ಜೀಡಿಮೆಟ್ಲಾದ ಕಾರ್ಖಾನೆಗಳಲ್ಲಿ ದುಡಿಯುವವರ ಕುಟುಂಬಕ್ಕೆ ಇಎಸ್‌ಐ ಕಾರ್ಡ್ ಇದ್ದರೆ ಸನತ್‌ನಗರದ ಇಎಸ್‌ಐ ಆಸ್ಪತ್ರೆ. ಚಿಕಿತ್ಸೆಗೆ ಎಂಎನ್‌ಜೆ. ಕರ್ನಾಟಕದ ರೇಷನ್ ಕಾರ್ಡ್ ಉಳಿಸಿಕೊಂಡವರಿಗೆ ಕಿದ್ವಾಯಿ, ಅದರ ಕೇಂದ್ರ ಕಲಬುರಗಿಯಲ್ಲೂ ಇದೆ. ತೆಲಂಗಾಣದ ಆರೋಗ್ಯಶ್ರೀಗೂ ಕರ್ನಾಟಕದ ಯೋಜನೆಗೂ ಆಸ್ಪತ್ರೆಯಲ್ಲಿ ‘ಆರೋಗ್ಯಮಿತ್ರ’ರು ಕೂತಿರುತ್ತಾರೆ. ಎರಡು ರಾಜ್ಯದಲ್ಲೂ ಅದೇ ಹೆಸರು. ಕಾರ್ಡ್ ಹಿಡಿದು ಮೊದಲು ಅವರನ್ನು ಕಾಣಿ.

ಡಾಕ್ಟರನ್ನು ಕೇಳಲು ಐದು ಪ್ರಶ್ನೆ ಬರೆದಿಟ್ಟುಕೊಳ್ಳಿ: ಕಾಯಿಲೆ ಯಾವ ಹಂತದಲ್ಲಿದೆ? ಯಾವ ಚಿಕಿತ್ಸೆ, ಏಕೆ ಅದೇ? ಎಷ್ಟು ವಾರ, ಎಷ್ಟು ಖರ್ಚು? ಆಮೇಲೆ ಏನೇನು ತೊಂದರೆ ಬರಬಹುದು? ಚಿಕಿತ್ಸೆ ಮಾಡಿಸದಿದ್ದರೆ ಏನಾಗುತ್ತದೆ? ಬಯಾಪ್ಸಿ ವರದಿಯ ಪ್ರತಿ ಕೇಳಿ ತೆಗೆದುಕೊಳ್ಳಿ. ತೆಲುಗು, ಹಿಂದಿ ಸರಿಯಾಗಿ ಬಾರದ ಹಿರಿಯರ ಜೊತೆ ಕನ್ನಡದಲ್ಲಿ ತಿಳಿಸಬಲ್ಲ ಒಬ್ಬರು ಹೋಗಲೇಬೇಕು. ಆ ಕೆಲಸ ನಮ್ಮ ವೇದಿಕೆಯ ಸದಸ್ಯೆಯರು ಮಾಡಬಹುದು. ಅದಕ್ಕೆ ಡಿಗ್ರಿ ಬೇಡ, ಅರ್ಧ ದಿನದ ಬಿಡುವು ಸಾಕು.

ಮನೆಯಲ್ಲಿ 9ರಿಂದ 14ರ ಹೆಣ್ಣುಮಗು ಇದ್ದರೆ ಲಸಿಕೆಯ ಬಗ್ಗೆ ಮಕ್ಕಳ ಡಾಕ್ಟರನ್ನು ಕೇಳಿ. ಪುಣೆಯಲ್ಲಿ ತಯಾರಾಗುವ ನಮ್ಮದೇ ‘ಸರ್ವಾವ್ಯಾಕ್’ಗೆ 2022ರಲ್ಲಿ ಅನುಮತಿ ಸಿಕ್ಕಿದೆ. ಹಾಕಿಸುವ ಮೊದಲು ಮಗಳಿಗೂ ಕೂರಿಸಿಕೊಂಡು ಹೇಳಿ, ಇದು ಏನು, ಯಾಕೆ ಎಂದು. ಖಮ್ಮಂನ ಹಾಸ್ಟೆಲಿನ ಹುಡುಗಿಯರಿಗೆ ಯಾರೂ ಹೇಳದಿದ್ದ ಮಾತು ಅದು.

ನಮ್ಮ ಮುಂದಿನ ಅರಿಶಿನ ಕುಂಕುಮದ ಕೂಟದಲ್ಲಿ ಹಾಡು, ರಂಗೋಲಿಯ ನಡುವೆ ಹತ್ತು ನಿಮಿಷ ಈ ಮಾತಿಗೆ ಇಡೋಣ. ಪರೀಕ್ಷೆ ಮಾಡಿಸಿಕೊಂಡವರು ಹೇಗಾಯಿತು, ಎಷ್ಟು ಹೊತ್ತು ಹಿಡಿಯಿತು, ನೋವಾಯಿತೇ ಎಂದು ಹೇಳಲಿ. ಮಾಡಿಸದವರು ಇಬ್ಬಿಬ್ಬರು ಜೊತೆಯಾಗಿ ಹೋಗಿ ಬರಲಿ. ಮೇಡ್ಚಲ್ ರಸ್ತೆಯ ಹಳ್ಳಿಗಳ ಹೆಂಗಸರು ಸಂಕೋಚ ಬಿಟ್ಟು ಹದಿನೈದು, ಇಪ್ಪತ್ತು ವರ್ಷದ ಹಿಂದೆಯೇ ಮಾಡಿದ ಕೆಲಸ ಅದು. ಪಕ್ಕದ ಜೀಡಿಮೆಟ್ಲಾದ ನಮಗೆ ಯಾಕೆ ಆಗಬಾರದು?